ಕೊಂಡಿಯಿಲ್ಲದ ಚೇಳು

ಬಸವಕಲ್ಯಾಣ ತಾಲೂಕಿನ ಹಳ್ಳಿಗಳಲ್ಲಿ ಅಡ್ಡಾಡಿದವರಿಗೆಲ್ಲ ಪೇಂಟರ್ ಲಾಲಪ್ಪನ ಮನೆಮಂದಿ ಗೊತ್ತು. ಅದಕ್ಕೆ ಅವನ ಮನೆಯ ಹೊಸ್ತಿಲು ತುಳಿಯಬೇಕೆಂದೇನೂ ಇಲ್ಲ. ಕೊಹಿನೂರಿನ ಗೋಡೆಯೊಂದರ ಮೇಲೆ ಬಾಯಿಗೆ ಸೆರಗು ಹಿಡಿದು ಕೆಮ್ಮುತ್ತಿರುವ ಮುದುಕಿ ಅವನ ಅತ್ತೆ. ಮಂಠಾಳದಲ್ಲಿ ಬಾಯಿ ತೆರೆದು ಪೋಲಿಯೊ ಹನಿಗೆ ಕಾಯುತ್ತಿರುವ ಕೂಸು ಅವನ ಮಗಳು ವಿಶಾಖಾ. ಆಕೆಗೆ ಈಗ ಎರಡು ಮಕ್ಕಳು, ಗೋಡೆಯ ಮೇಲೆ ಮಾತ್ರ ಇನ್ನೂ ಹಲ್ಲು ಬಂದಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಸೊಳ್ಳೆಪರದೆ ಇಲ್ಲದೆ ಮಲಗಿ ಮಲೇರಿಯಾ ತಂದುಕೊಳ್ಳುತ್ತಿರುವ ಗಂಡಸು ಸ್ವತಃ ಲಾಲಪ್ಪನೇ. ಕನ್ನಡಿ ನೋಡಿಕೊಂಡು ಬರೆದದ್ದರಿಂದ ಆ ನಿದ್ದೆಯ ಮನುಷ್ಯನ ಒಂದು ಕಣ್ಣು ತೆರೆದೇ ಇದೆ.

ಆರೋಗ್ಯ ಇಲಾಖೆಯವರು ಮಾದರಿ ಚಿತ್ರ ಕೊಡದೆ ಇರುತ್ತಿರಲಿಲ್ಲ. ನುಣುಪು ಕಾಗದದ ಮೇಲೆ ಅಚ್ಚಾದ ಆ ಜನ ಗುಲಾಬಿ ಮೈಯವರು, ಇಸ್ತ್ರಿ ಮಾಡಿದ ಬಟ್ಟೆಯವರು. ಲಾಲಪ್ಪ ಅದನ್ನು ಒಮ್ಮೆ ನೋಡಿ ಮಡಚಿ ಇಡುತ್ತಿದ್ದ.

"ಇವರಿಗಿ ಬ್ಯಾನಿ ಬಂದಂಗ ಕಾಣಂಗಿಲ್ಲ. ಬ್ಯಾನಿ ಬಂದವರನ್ನ ಮಾತಾಡ್ಸಾಕ ಬಂದವರಂಗ ಕಾಣತಾರ" ಎನ್ನುತ್ತಿದ್ದ.

ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುವುದು ಅವನ ಹಟ. ಆ ಹಟ ಎಲ್ಲಿಂದ ಬಂತು ಎಂದರೆ, ಅವನ ತಗಡಿನ ಪೆಟ್ಟಿಗೆಯ ತಳದಲ್ಲಿ ಒಂದು ಹಳೆಯ ಕಾರ್ಡಿದೆ. ಅಂಗೈ ಎರಡರಷ್ಟು ಅಗಲ. ಮೈತುಂಬ ಸಿಡುಬಿನ ಗುಳ್ಳೆ ಎದ್ದ ಒಂದು ಕೂಸಿನ ಚಿತ್ರ ಅದರ ಮೇಲೆ. ಲಾಲಪ್ಪ ಒಂಬತ್ತು ವರ್ಷದವನಿದ್ದಾಗ ಕಾಶಿರಾಮ ಎಂಬ ಇಲಾಖೆಯ ನೌಕರ ಆ ಕಾರ್ಡು ಹಿಡಿದು ಓಣಿ ಓಣಿ ತಿರುಗುತ್ತಿದ್ದ. ಬಾಗಿಲ ಮುಂದೆ ನಿಂತು, "ಅವ್ವಾ, ಇಂಥಾ ಕೂಸು ನಿಮ್ಮನ್ಯಾಗ ಇಲ್ಲಾ ಮಗ್ಗಲ ಮನ್ಯಾಗ ಅದ ಏನು?" ಎಂದು ಕೇಳುತ್ತಿದ್ದ. ಕೇಳುವುದರೊಳಗೆ ಬಾಗಿಲು ಮುಚ್ಚುತ್ತಿತ್ತು. ಚಿತ್ರ ಒಳಗೆ ಬಂದರೆ ದೇವಿಯೂ ಒಳಗೆ ಬಂದಂತೆ ಎಂಬ ಅಂಜಿಕೆ. ಲಾಲಪ್ಪನ ಅಜ್ಜಿ ಕಾಶಿರಾಮನ ಬೆನ್ನಿಗೆ ಅರಿಶಿನದ ನೀರು ಎರಚಿದ್ದಳು. ಕಿಟಕಿಯಲ್ಲಿ ಇಣುಕಿದ ಲಾಲಪ್ಪ ಆ ಕೂಸಿನ ಮುಖವನ್ನು ಇದ್ದಿಲಿನಿಂದ ನೆಲದ ಮೇಲೆ ಬರೆದು ಅದೇ ಅಜ್ಜಿಯಿಂದ ಏಟು ತಿಂದ. ಒಂದೆರಡು ವರ್ಷಕ್ಕೆ ಸಿಡುಬು ಹೋಯಿತು. ಕಾಶಿರಾಮ ಕಾರ್ಡನ್ನು ಅವನ ಕೈಗೆ ಕೊಟ್ಟು, "ತಗೋ, ಇನ್ನ ಇದಕ್ಕ ಕೆಲಸಿಲ್ಲ" ಎಂದ.

ಆ ಕಾರ್ಡಿನಿಂದ ಲಾಲಪ್ಪ ಕಲಿತದ್ದು ಎರಡು ಮಾತು. ಮುಖ ಖರೆ ಇದ್ದರೆ ಮಾತ್ರ ಜನ ನಿಂತು ನೋಡುತ್ತಾರೆ. ಮತ್ತೆ, ಜನಕ್ಕೆ ರೋಗಕ್ಕಿಂತ ರೋಗದ ಚಿತ್ರದ ಮೇಲೆ ಗುಮಾನಿ ಜಾಸ್ತಿ.

ಮೂರನೆಯದನ್ನು ಕಲಿತದ್ದು ಹಳ್ಳಿಖೇಡದಲ್ಲಿ. ಇಪ್ಪತ್ತು ವರ್ಷದ ಹಿಂದಿನ ಮಾತು. ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಲ್ಲುವ ರಸ್ತೆಯಲ್ಲಿ ಕುಷ್ಠರೋಗದ ಚಿತ್ರ ಬರೆಯುತ್ತಿದ್ದ. ಬೆನ್ನಿನ ಮೇಲೆ ತಿಳಿ ಬಣ್ಣದ ಒಂದು ಮಚ್ಚೆ. ಗಾಡಿಯವನೊಬ್ಬ ಇಳಿದು ಬಂದು ಅಂಗಿ ಎತ್ತಿ, "ಅಣ್ಣಾ, ನಂದೂ ಹಿಂಗ ಅದ ನೋಡು. ಇದ ಏನು?" ಎಂದು ಕೇಳಿದ. ಬಣ್ಣ ಬಣ್ಣಕ್ಕೆ ಹೊಂದಿತ್ತು. ಲಾಲಪ್ಪ ಸುಮ್ಮನಿರದೆ "ಹೌದಪಾ, ಇದ" ಎಂದುಬಿಟ್ಟ. ಆಮೇಲೆ ಡಾಕ್ಟರು ನೋಡಿ ಬರೀ ಚಿಬ್ಬು ಎಂದರು, ಮುಲಾಮು ಕೊಟ್ಟು ಕಳಿಸಿದರು. ಅಷ್ಟರೊಳಗೆ ಗಾಡಿಯವನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿ ಆಗಿತ್ತು. ಆಕೆ ತಿರುಗಿ ಬರಲು ಒಂದು ವರ್ಷ ಹಿಡಿಯಿತು. ಅಂದಿನಿಂದ ಯಾರು ಬಂದು ಏನು ತೋರಿಸಿದರೂ ಲಾಲಪ್ಪನದು ಒಂದೇ ಉತ್ತರ: "ನಾ ಹೇಳಾವ ಅಲ್ಲ. ಗ್ವಾಡಿ ಹೇಳ್ತದ. ನೋಡ್ಕೊಂಡು ದವಾಖಾನಿಗಿ ಹೋಗ್ರಿ."

ಇಂಥವನ ಹೆಂಡತಿ ಅಂಬುಬಾಯಿ.

ಮಂಠಾಳದಿಂದ ಒಂದು ಹರದಾರಿ ದೂರದ ಊರು ಅವರದು. ಅಂಬುಬಾಯಿಯ ಬಲ ಮುಂಗೈ ಮೇಲೆ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ, ಹಸಿರು ಹಚ್ಚೆಯ ಒಂದು ಚೇಳಿದೆ. ಕಾಲು ಎಂಟೂ ಸರಿಯಾಗಿವೆ, ಬಾಲವೂ ಮೇಲೆದ್ದಿದೆ, ತುದಿಯ ಕೊಂಡಿ ಮಾತ್ರ ಇಲ್ಲ. ಹುಡುಗಿಯಾಗಿದ್ದಾಗ ಹಚ್ಚೆ ಹಾಕುವಾಕೆ ಬಾಲದ ತುದಿಗೆ ಬರುವಷ್ಟರಲ್ಲಿ ಉರಿ ತಾಳದೆ ಕೈ ಕಿತ್ತುಕೊಂಡು ಓಡಿದವಳು ಸಂಜೆಯವರೆಗೆ ಮನೆಗೆ ಬಂದಿರಲಿಲ್ಲ. ಲಗ್ನದ ಹೊಸದರಲ್ಲಿ ಲಾಲಪ್ಪ, "ತಾ ಇಲ್ಲಿ, ನಾ ಪೂರಾ ಮಾಡ್ತೀನಿ" ಎಂದಾಗ, "ಕೊಂಡಿ ಬಾಯಾಗ ಅದ, ಕೈಮ್ಯಾಲ ಯಾಕ ಬೇಕು" ಎಂದಿದ್ದಳು.

ಆ ಕೈ ಎಂಟು ವರ್ಷದಿಂದ ಊರ ಶಾಲೆಯ ಬಿಸಿಯೂಟ ಮಾಡುತ್ತಿತ್ತು. ಸುಮ್ಮನೆ ಸಿಕ್ಕ ಕೆಲಸವಲ್ಲ ಅದು. ಬೌದ್ಧರ ಓಣಿಯ ಹೆಣ್ಣುಮಗಳು ಮಾಡಿದ ಅನ್ನ ಉಣ್ಣಲು ಊರು ಎರಡು ವರ್ಷ ತೆಗೆದುಕೊಂಡಿತ್ತು. ಮೊದಲ ತಿಂಗಳು ನೂರಾ ಹನ್ನೆರಡು ಮಕ್ಕಳಿಗೆ ಬೇಯಿಸಿದರೆ ಮೂವತ್ತು ತಟ್ಟೆ ಮುಂದೆ ಬರುತ್ತಿದ್ದವು. ಅಂಬುಬಾಯಿ ಯಾರನ್ನೂ ಕರೆಯಲಿಲ್ಲ, ಯಾರ ಮೇಲೂ ದೂರಲಿಲ್ಲ. ದಿನಾಲು ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು, ಅಷ್ಟೇ. ಆ ವಾಸನೆಗೆ ಮನೆಯ ಬುತ್ತಿ ಸೋತಿತು. ಬರಬರುತ್ತ ನೂರಾ ಹನ್ನೆರಡು ತಟ್ಟೆಯೂ ಬಂದವು. ಸಾರು ಬಡಿಸುವಾಗ ಮಕ್ಕಳು ಆಕೆಯ ಚೇಳಿನ ಕಾಲು ಎಣಿಸುತ್ತಿದ್ದವು.

ಇನ್ನು ಕಥೆ ಶುರುವಾದದ್ದು ಹೋದ ವರ್ಷದ ಹಿಂದಿನ ಎಳ್ಳಮವಾಸ್ಯೆಯ ದಿನ. ಹೊಲಕ್ಕೆ ಹೋಗಲು ಅಂಬುಬಾಯಿ ಒಲೆಯ ಮುಂದೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಆ ಚಳಿಗಾಲದಲ್ಲಿ ಆಕೆ ಉದ್ದ ತೋಳಿನ ಕುಪ್ಪಸ ಹೊಲಿಸಿಕೊಂಡಿದ್ದಳು. ಅವತ್ತು ತೋಳು ಮೇಲೆ ಮಡಚಿದ್ದಳು. ಒಲೆಯ ಝಳಕ್ಕೆ ಕೈಯೆಲ್ಲ ಬೆವತು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಚೇಳಿಗಿಂತ ಎರಡು ಬೆರಳು ಮೇಲೆ ರೂಪಾಯಿಯಷ್ಟು ಜಾಗ ಮಾತ್ರ ಒಣಗಿತ್ತು. ಅಲ್ಲಿ ಬೆವರಿಲ್ಲ, ಹೊಳಪಿಲ್ಲ. ಬಣ್ಣವೂ ಒಂದು ಪದರು ತಿಳಿ.

ಮೂವತ್ತು ವರ್ಷ ಅದೇ ಮಚ್ಚೆಯನ್ನು ಊರೂರ ಗೋಡೆಗೆ ಬಳಿದವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಲಾಲಪ್ಪನ ಬಾಯೊಳಗಿನ ಚಹಾ ಅಲ್ಲೇ ನಿಂತಿತು.

"ಏನ್ ನೋಡಾಕತ್ತೀರಿ?" ಎಂದಳು ಅಂಬುಬಾಯಿ, ತಿರುಗದೆಯೇ.

"ರೊಟ್ಟಿ."

"ರೊಟ್ಟಿ ಹಂಚಿನ ಮ್ಯಾಲ ಅದ" ಎಂದು ತೋಳು ಕೆಳಗಿಳಿಸಿದಳು.

ಆ ತೋಳು ಇಳಿಸಿದ ರೀತಿ ಲಾಲಪ್ಪನಿಗೆ ಸರಿಬರಲಿಲ್ಲ. ಹಿಟ್ಟಿನ ಕೈಯಲ್ಲಿ ಯಾರಾದರೂ ತೋಳು ಇಳಿಸುತ್ತಾರೆಯೇ? ಗೊತ್ತಿದ್ದು ಮುಚ್ಚುತ್ತಿದ್ದಾಳೋ, ಗೊತ್ತಿಲ್ಲದೆ ಮುಚ್ಚಿದಳೋ? ಗೊತ್ತಿದ್ದರೆ ಔಷಧ ಯಾಕೆ ತೆಗೆದುಕೊಳ್ಳುತ್ತಿಲ್ಲ? ಮೊದಲೇ ತೋರಿಸಿದರೆ ಆರು ತಿಂಗಳ ಗುಳಿಗೆಯಲ್ಲಿ ವಾಸಿ, ತಡ ಮಾಡಿದರೆ ಬೆರಳು ಮಡಚಿಕೊಳ್ಳುತ್ತವೆ ಎಂದು ಅವನೇ ನೂರು ಗೋಡೆಗೆ ಬರೆದಿದ್ದ. ಈಗ ಆ ಬೆರಳುಗಳು ಹಿಟ್ಟು ನಾದುವುದನ್ನು ಕುಳಿತು ನೋಡುತ್ತಿದ್ದ. ಹೇಳಬೇಕು, ನಾಲಿಗೆ ಏಳುತ್ತಿಲ್ಲ. ಹಳ್ಳಿಖೇಡದ ಗಾಡಿಯವನು ಎದುರಿಗೆ ಅಂಗಿ ಎತ್ತಿ ನಿಲ್ಲುತ್ತಿದ್ದ. ತಪ್ಪಾಗಿದ್ದರೆ? ಮಾತು ಒಮ್ಮೆ ಹೊರಬಿದ್ದು ಶಾಲೆಗೆ ಮುಟ್ಟಿದರೆ, ಎರಡು ವರ್ಷ ಕಾದು ಗಳಿಸಿದ ತಟ್ಟೆಗಳು ಒಂದೇ ದಿನಕ್ಕೆ ಹೋಗುತ್ತವೆ.

ಮೊದಲು ಖಾತ್ರಿ ಮಾಡಿಕೊಳ್ಳೋಣ ಎಂದುಕೊಂಡ. ಅದೇ ರೋಗವಾದರೆ ಮಚ್ಚೆಗೆ ಮುಟ್ಟಿದ್ದು ತಿಳಿಯುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅಂಬುಬಾಯಿ ಚಾಪೆಯ ಮೇಲೆ ಅಡ್ಡಾಗಿದ್ದಾಗ ಸಣ್ಣ ಬ್ರಷ್ ತೆಗೆದುಕೊಂಡು ಕಳ್ಳನ ಹಾಗೆ ಮಗ್ಗುಲಿಗೆ ಕುಳಿತ. ತೋಳಿನ ಒಳಗೆ ಮೆಲ್ಲಗೆ ತೂರಿಸಿ ಮಚ್ಚೆಯ ಮೇಲೆ ಆಡಿಸಿದ. ಆಕೆ ಅಲ್ಲಾಡಲಿಲ್ಲ. ಬದಿಗೆ ಆಡಿಸಿದ. ಕೈ ಚಕ್ಕನೆ ಹಿಂದೆ ಸರಿಯಿತು. ಮತ್ತೆ ಮಚ್ಚೆಯ ಮೇಲೆ. ಇಲ್ಲ.

"ನೊಣಾ ಭಾಳ ಆಗ್ಯಾವ" ಎಂದು ಅಂಬುಬಾಯಿ ಕಣ್ಣು ತೆರೆಯದೆ ಮಗ್ಗುಲು ಬದಲಿಸಿದಳು.

ಅಲ್ಲಿಂದ ಮುಂದೆ ಲಾಲಪ್ಪ ಹೆಂಡತಿಯ ಹಿಂದೆ ಕಣ್ಣು ಬಿಟ್ಟ. ಕಣ್ಣು ಬಿಟ್ಟವನಿಗೆ ಇನ್ನೊಂದು ಕಂಡಿತು. ನಾಲ್ಕು ವಾರಕ್ಕೊಮ್ಮೆ, ತಪ್ಪದೆ ಮಂಗಳವಾರ, ಆಕೆ ಶಾಲೆಗೆ ರಜೆ ಹಾಕಿ ಹುಮನಾಬಾದಿಗೆ ಹೋಗುತ್ತಿದ್ದಳು. ಕಣ್ಣು ತೋರಿಸಲು ಎನ್ನುತ್ತಿದ್ದಳು. ಬಸವಕಲ್ಯಾಣ ಹತ್ತಿರ ಇರುವಾಗ ಹುಮನಾಬಾದ್ ಯಾಕೆ? ಫೆಬ್ರವರಿಯ ಮಂಗಳವಾರ, ರಾಜೇಶ್ವರದಲ್ಲಿ ಬೋರ್ಡು ಬರೆಯುವುದಿದೆ ಎಂದು ಸುಳ್ಳು ಹೇಳಿ ಹಿಂದೆಯೇ ಹೊರಟ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಬದಲಿಸುವಾಗ ಚಹಾದಂಗಡಿಯ ಮರೆಯಲ್ಲಿ ನಿಂತು ನೋಡಿದ. ಆಕೆ ಸೆರಗು ಮುಖದವರೆಗೆ ಎಳೆದು ಹುಮನಾಬಾದ್ ಬಸ್ಸು ಹತ್ತಿದಳು. ಅವನಿಗೆ ಹತ್ತಲು ಧೈರ್ಯ ಬರಲಿಲ್ಲ. ಹೆಂಡತಿಯ ಹಿಂದೆ ಬಂದವನೆಂದು ನಾಲ್ಕು ಮಂದಿಯಲ್ಲಿ ಸಿಕ್ಕಿಬೀಳುವುದು ಹೇಗೆ?

ಸಂಜೆ ಮನೆಯಲ್ಲಿ ಕೇಳಿದ. "ಕಣ್ಣಿಗಿ ಏನಂದ್ರು?"

"ನೆಟ್ಟಗ ಅವ ಅಂದ್ರು."

"ಹನಿ ಕೊಡಲಿಲ್ಲೇನು?"

"ನೆಟ್ಟಗಿದ್ದ ಕಣ್ಣಿಗಿ ಹನಿ ಯಾಕ?"

"ನೆಟ್ಟಗಿದ್ರ ತಿಂಗಳಾ ತಿಂಗಳಾ ಯಾಕ ಹೋಗ್ತಿ?"

"ನೆಟ್ಟಗ ಅವ ಅಂತ ಕೇಳಾಕ" ಎಂದು ಅಂಬುಬಾಯಿ ನೀರಿನ ಕೊಡ ಎತ್ತಿಕೊಂಡಳು. "ರಾಜೇಶ್ವರದಾಗ ಬೋರ್ಡ್ ಆತೇನ್ರಿ? ಕೈಮ್ಯಾಲ ಒಂದ್ ಹನಿ ಬಣ್ಣ ಇಲ್ಲ."

ಆಕೆ ನೀರಿಗೆ ಹೋದಾಗ ಲಾಲಪ್ಪ ಆಕೆಯ ಚೀಲ ಬಿಚ್ಚಿದ. ಕಾಗದದ ಪೊಟ್ಟಣದಲ್ಲಿ ಕಂದು ಬಣ್ಣದ ಪುಡಿ. ಮೂಗು ಸುಂಠಿ ಎಂದಿತು. ಮನಸ್ಸು ಬೇರೆ ಹೇಳಿತು. ಹುಮನಾಬಾದ್ ಕಡೆ ಚರ್ಮದ ರೋಗಕ್ಕೆ ಬೇರು-ಪುಡಿ ಕೊಡುವವರು ಇದ್ದಾರೆಂದು ಅವನು ಕೇಳಿದ್ದ. ಗೋಡೆಯ ಚಿತ್ರ ನೋಡಿ ಅಂಜಿದವರು ದವಾಖಾನೆ ಬಿಟ್ಟು ಅಲ್ಲಿಗೇ ಓಡುತ್ತಾರೆ. ತನ್ನ ಹೆಂಡತಿಯೂ ಓಡಿದಳೇ? ಗುಮಾನಿ ಹಿಡಿದವನಿಗೆ ಮೂಗು ಕೆಲಸಕ್ಕೆ ಬರುವುದಿಲ್ಲ.

ಎರಡು ವಾರಕ್ಕೆ ಇಲಾಖೆಯಿಂದ ಕೆಲಸ ಬಂತು. ಆ ಭಾಗದ ಮೂರು ಊರಿನಲ್ಲಿ ಕುಷ್ಠರೋಗದ ಗೋಡೆಬರಹ. ತನ್ನ ಊರಿನ ಗೋಡೆ ಯಾವುದೆಂದು ಆರಿಸುವುದು ಲಾಲಪ್ಪನಿಗೇ ಬಿಟ್ಟಿದ್ದು. ಅವನು ಶಾಲೆಯ ಕಾಂಪೌಂಡಿನ ಹೊರಗೋಡೆ ಆರಿಸಿದ. ಎದುರಿಗೆ ನೀರಿನ ಟಾಕಿ. ಅಂಬುಬಾಯಿ ದಿನಕ್ಕೆ ಮೂರು ಸಲ ಅದರ ಮುಂದೆ ಹಾಯುತ್ತಾಳೆ.

ಬಾಯಲ್ಲಿ ಬರದ ಮಾತನ್ನು ಗೋಡೆಯ ಮೇಲೆ ಇಟ್ಟ. ಮುಖ ಬೇಡ ಎಂದುಕೊಂಡು ಬರೀ ಒಂದು ತೋಳು ಬರೆದ. ಹಸಿರು ಬಳೆ, ಹಿಟ್ಟು ಮೆತ್ತಿದ ಬೆರಳು, ಮೊಣಕೈ ಕೆಳಗೆ ತಿಳಿ ಬಣ್ಣದ ಒಣ ಮಚ್ಚೆ. ಕೆಳಗೆ, 'ಬೇಗ ತೋರಿಸಿ, ಪೂರ್ತಿ ವಾಸಿ, ಔಷಧ ಉಚಿತ.' ಎರಡು ದಿನವಾಯಿತು. ಅಂಬುಬಾಯಿ ಕೊಡ ಹೊತ್ತು ಬಂದಳು, ಹೋದಳು. ತಲೆ ಎತ್ತಿ ನೋಡಿದಂತೆಯೂ ಕಾಣಲಿಲ್ಲ. ಮೂರನೆಯ ದಿನ ಲಾಲಪ್ಪ ಹಸಿರು ಬಣ್ಣ ಕಲಸಿದ. ಮಚ್ಚೆಯ ಕೆಳಗೆ, ಎರಡು ಬೆರಳು ಬಿಟ್ಟು, ಒಂದು ಚೇಳು ಬರೆದ. ಎಂಟು ಕಾಲು, ಮೇಲೆದ್ದ ಬಾಲ, ತುದಿ ಮೊಂಡು. ಇನ್ನಾದರೂ ತನ್ನದೇ ಕೈ ಎಂದು ತಿಳಿದುಕೊಳ್ಳಲಿ, ಬೇರೆಯವರಿಗೆ ಏನು ತಿಳಿಯುತ್ತದೆ ಎಂದುಕೊಂಡ.

ಹೆಂಡತಿಯ ತೋಳನ್ನು ಲೋಕದಲ್ಲಿ ತಾನೊಬ್ಬನೇ ನೋಡಿದ್ದೇನೆ ಎಂದು ನಂಬಿದ ಮನುಷ್ಯ ಅವನು. ಎಂಟು ವರ್ಷ ಆ ತೋಳು ಊರ ಮಕ್ಕಳಿಗೆಲ್ಲ ಅನ್ನ ಬಡಿಸಿದ್ದು ಅವನ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಮೊದಲು ಗುರುತಿಸಿದ್ದು ಎರಡನೇ ತರಗತಿಯ ಹುಡುಗಿಯರು. "ಏ, ಅಂಬೂ ಆಯಿ ಚೇಳು" ಎಂದು ಖುಷಿಯಿಂದ ಕೂಗಿಕೊಂಡು ಹೋಗಿ ಕಾಲು ಎಣಿಸಿದರು. ಮಧ್ಯಾಹ್ನ ಸಾರು ಬಡಿಸುವಾಗ ಒಬ್ಬಳು ಕೇಳಿದಳು, "ಆಯಿ, ನಿನ ಚೇಳು ಯಾಕ ಮುಚ್ಚಿದಿ?" ಸಂಜೆಗೆ ಮಾತು ಮನೆ ಮನೆಗೆ ಹೋಯಿತು. ಉದ್ದ ತೋಳಿನ ಕುಪ್ಪಸಕ್ಕೆ ಎಲ್ಲರಿಗೂ ಈಗ ಕಾರಣ ಸಿಕ್ಕಿತು.

ಟಾಕಿಯ ಹತ್ತಿರ ಅಂಬುಬಾಯಿ ಬಂದರೆ ಮಾತು ನಿಲ್ಲುತ್ತಿತ್ತು. ಆಕೆ ಮುಟ್ಟಿದ ನಳವನ್ನು ಮುಂದಿನವಳು ಮೊದಲು ತೊಳೆಯುತ್ತಿದ್ದಳು. ಶಾಲೆಯ ಎದುರು ಕಿರಾಣಿ ಅಂಗಡಿ ಇಟ್ಟ ಶಕುಂತಲಾಬಾಯಿ, ಮೊಮ್ಮಗನನ್ನು ಮೊಟ್ಟಮೊದಲು ಅಂಬುಬಾಯಿಯ ಪಂಕ್ತಿಗೆ ಕಳಿಸಿದವರಲ್ಲಿ ಒಬ್ಬಳು, ಈಗ ಅವನ ಕೈಗೆ ಡಬ್ಬಿ ಕೊಟ್ಟಳು. ಬುಧವಾರ ನಲವತ್ತು ಡಬ್ಬಿ. ಶುಕ್ರವಾರ ಎಂಬತ್ತು. ಶನಿವಾರ ಹೆಡ್ ಮಾಸ್ತರ ರಾಜೀವ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, "ಅಂಬೂಬಾಯಿ, ಸ್ವಲ್ಪ ದಿನಾ ರಜಾ ತಗೋರಿ. ನಾ ಏನ್ ಅನ್ನಾಕತ್ತಿಲ್ಲ, ಮಂದಿ ಅನ್ನಾಕತ್ತಾರ" ಎಂದರು.

ಅಂಬುಬಾಯಿ ಸೌಟನ್ನು ತೊಳೆದು ಬೋರಲು ಹಾಕಿ ಮನೆಗೆ ಬಂದಳು. ಲಾಲಪ್ಪ ಬ್ರಷ್ ತೊಳೆಯುತ್ತ ಕುಳಿತಿದ್ದ. ಆಕೆ ಎದುರಿಗೆ ನಿಂತಳು.

"ಒಂದ ಮಾತು ಖರೆ ಹೇಳ್ರಿ. ನನ್ನ ಮನಿ ಬಿಡಸಬೇಕಂತ ಮಾಡೀರೇನು?"

"ಏ ಹುಚ್ಚಿ, ಏನ್ ಮಾತಾಡ್ತಿ."

"ಮತ್ತ ಚೇಳು ಯಾಕ ಬರದ್ರಿ?"

"ನಿನಗ ತಿಳಿಲಿ ಅಂತ ಬರದೆ."

"ನನಗ ತಿಳಿಬೇಕಾದ್ರ ನಾ ಇಲ್ಲೇ ಮೂರು ಮಾರು ದೂರ ಮಲಗ್ತೀನಿ. ಬಾಯಿ ಇತ್ತಲ್ಲ. ಊರ ಗ್ವಾಡಿ ಯಾಕ ಬೇಕಾತು?"

ಲಾಲಪ್ಪ ಬ್ರಷ್ಷಿನ ಕೂದಲನ್ನು ಬೆರಳಲ್ಲಿ ತೀಡುತ್ತ ಕುಳಿತ. ಆಮೇಲೆ ಮೆಲ್ಲಗೆ, "ಹಳ್ಳಿಖೇಡದಾಗ ಒಮ್ಮಿ ಬಾಯಿ ಬಿಟ್ಟಿದ್ದೆ" ಎಂದ. "ಒಬ್ಬನ ಸಂಸಾರ ಮುರದೆ. ನಿಂದು ಹೇಳಾಕ ಅಂಜಿಕಿ ಬಂತು. ನೀ ಯಾವನೋ ಪುಡಿ ಕೊಡಾವನ ಹಂತ್ಯಾಕ ಹೋಗಾಕತ್ತಿ. ನಿನ್ನ ಬಟ್ಟು ಮಡಚಿದ್ರ ನಾ ಏನ್ ಮಾಡಲಿ?"

"ಯಾವ ಪುಡಿ?"

"ಚೀಲದಾಗಿನ ಪುಡಿ."

"ಅದು ಸುಂಠಿರಿ. ಮೂಗು ಎಲ್ಲಿ ಇಟ್ಟೀರಿ?"

ಅಂಬುಬಾಯಿ ಒಳಗೆ ಹೋದಳು. ಬುದ್ಧನ ಪಟದ ಕೆಳಗಿನ ಗೂಡಿನಿಂದ ಹಿಟ್ಟಿನ ಡಬ್ಬಿ ತಂದು ಅವನ ಮುಂದೆ ಬೋರಲು ಹಾಕಿದಳು. ಹಿಟ್ಟಿರಲಿಲ್ಲ. ಹಸಿರು ಪಾಕೀಟಿನ ಗುಳಿಗೆಯ ಎಲೆಗಳು ನಾಲ್ಕು ಬಿದ್ದವು. ಮೂರು ಪೂರ್ತಿ ಖಾಲಿ, ನಾಲ್ಕನೆಯದರಲ್ಲಿ ಒಂದು ಸಾಲು ಉಳಿದಿತ್ತು. ಜೊತೆಗೆ ಹುಮನಾಬಾದ್ ದವಾಖಾನೆಯ ಒಂದು ಕಾರ್ಡು, ಇಪ್ಪತ್ತೆಂಟು ದಿನಕ್ಕೊಂದು ತಾರೀಖು, ಎಲ್ಲವೂ ಮಂಗಳವಾರ.

"ದೀಪಾವಳಿ ಮುಂದ ಸಾರಿನ ಬೋಗುಣಿ ತಗಿವಾಗ ಕುದಿಯೋ ಸಾರು ಸಿಡೀತು. ಈ ಜಾಗಾದಾಗ ಉರೀನ ಹತ್ತಲಿಲ್ಲ" ಎಂದಳು. "ಮೂವತ್ತು ವರ್ಷ ನಿಮ್ಮ ಗ್ವಾಡಿ ನೋಡೀನಿ. ನನಗ ಗೊತ್ತಾಗಂಗಿಲ್ಲೇನು? ಕಲ್ಯಾಣಕ್ಕ ಹೋದ್ರ ಗುರುತಿನ ಮಂದಿ. ಅದಕ್ಕ ಹುಮನಾಬಾದಕ್ಕ ಹೋದೆ. ತಾಹೇರಾ ಸಿಸ್ಟರ್ ಅಂತ ಅದಾರ, ಮೊದಲ ಗುಳಿಗಿ ತಾವ ಮುಂದ ನಿಂತು ನುಂಗಿಸಿದ್ರು. ಗುಳಿಗಿ ಶುರು ಆದಮ್ಯಾಲ ಯಾರಿಗೂ ಹತ್ತಂಗಿಲ್ಲ, ಅಡಗಿ ಮಾಡು ಅಂದ್ರು. ವಾಕರಿಕಿ ಬಂದ್ರ ಸುಂಠಿ ಚಪ್ಪರಿಸು ಅಂದ್ರು."

ಲಾಲಪ್ಪ ಖಾಲಿ ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಈ ಎಲೆಯನ್ನೂ ಅವನು ಎಷ್ಟೋ ಗೋಡೆಗೆ ಬರೆದಿದ್ದ. ಒಡೆದ ಬೆಳ್ಳಿ ಹಾಳೆಯ ಖಾಲಿ ಗುಳಿಗಳನ್ನು ಮಾತ್ರ ಎಂದೂ ಬರೆದಿರಲಿಲ್ಲ.

"ನನಗ ಯಾಕ ಹೇಳಲಿಲ್ಲ?"

ಅಂಬುಬಾಯಿ ಅವನನ್ನೇ ನೋಡಿದಳು. "ನಿಮಗ ಹ್ಯಾಂಗ ಹೇಳಬೇಕ್ರಿ? ನಮ್ಮವ್ವ ಕೆಮ್ಮಿದ್ಲು, ಕೊಹಿನೂರ ಗ್ವಾಡಿ ಮ್ಯಾಲ ಹೋದ್ಲು. ಕೂಸು ಬಾಯಿ ತೆರೀತು, ಮಂಠಾಳಕ್ಕ ಹೋತು. ಕಂಡದ್ದೆಲ್ಲ ಗ್ವಾಡಿಗಿ ಹಚ್ಚಾವ್ರು ನೀವು. ಮುಚ್ಚಿಟ್ಟೆ. ಮುಚ್ಚಿಟ್ರೂ ಹಚ್ಚಿದ್ರಿ."

ಡಬ್ಬಿ ನೆಟ್ಟಗೆ ಇಡುತ್ತ ಮತ್ತೆ ಅಂದಳು, "ಬ್ರಷ್ ಹಿಡಕೊಂಡು ಕುಂತಿದ್ರಲ್ಲ ಆ ಭಾನುವಾರ, ನಾ ಎಚ್ಚರಿದ್ದೆ. ಈಗರ ಕೇಳ್ತಾರ, ಈಗರ ಕೇಳ್ತಾರ ಅಂತ ಕಾದೆ. ನೀವು ಬ್ರಷ್ ಒರಸ್ಕೊಂಡು ಎದ್ದು ಹೋದ್ರಿ."

ಲಾಲಪ್ಪ ಬ್ರಷ್ ಕೆಳಗಿಟ್ಟ. ಎದ್ದು ಮೂಲೆಯ ಸುಣ್ಣದ ಬಕೀಟಿಗೆ ನೀರು ಹಾಕತೊಡಗಿದ.

"ಏನದು?"

"ಅಳಿಸಿ ಬರ್ತೀನಿ."

"ಅಳಿಸಿದ್ರ ಖರೆ ಆಗ್ತದ. ಇಲ್ಲದ್ದಾಗಿದ್ರ ಯಾಕ ಅಳಿಸಿದಾ ಅಂತಾರ."

ಲಾಲಪ್ಪ ಬಕೀಟು ಬಿಟ್ಟು ನಿಂತ. ನಿಂತವನಿಗೆ ಒಂದು ಹೊಳೆಯಿತು. ಅವನ ಜೀವಮಾನದಲ್ಲಿ ಹೊಳೆದಿರದ ವಿಚಾರ ಅದು. "ಚೇಳಿಗಿ ಕೊಂಡಿ ಬರಿತೀನಿ" ಎಂದ. "ಕೊಂಡಿ ಬರದ್ರ ಅದು ನಿನ್ನ ಕೈ ಅಲ್ಲ. ಯಾರದೋ ಕೈ."

ಅಂಬುಬಾಯಿಗೆ ನಂಬಿಕೆ ಬರಲಿಲ್ಲ. "ಕಾಣದ್ದು ಬರಿತೀರೇನು ನೀವು?"

"ಬರಿತೀನಿ."

ಸೋಮವಾರ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಲಾಲಪ್ಪ ಹಸಿರು ಬಣ್ಣ, ಸಣ್ಣ ಬ್ರಷ್ ಹಿಡಿದು ಗೋಡೆಯ ಮುಂದೆ ನಿಂತ. ಅಂಬುಬಾಯಿ ಕೊಡ ಹೊತ್ತು ನಾಲ್ಕು ಹೆಜ್ಜೆ ಹಿಂದೆ ಬಂದಿದ್ದಳು. ಟಾಕಿಯ ಸುತ್ತ ಹತ್ತು ಹದಿನೈದು ಹೆಂಗಸರು. ಎಲ್ಲರೂ ನೋಡಿದರು. ಮೊಂಡ ಬಾಲದ ತುದಿಗೆ ಅವನು ಬ್ರಷ್ ಇಟ್ಟ. ಗೆರೆ ಮೇಲೆದ್ದು ಬಾಗಿ, ಚೂಪಾದ ಒಂದು ಕೊಂಡಿಯಾಯಿತು. ಚೇಳು ಈಗ ಕಡಿಯುವ ಚೇಳು.

ಶಕುಂತಲಾಬಾಯಿ ಅಂಗಡಿಯ ಕಟ್ಟೆಯಿಂದಲೇ ಕೇಳಿದಳು. "ಯಾಕ ಲಾಲಪ್ಪ, ಮೊನ್ನಿ ಬಾಲ ಮೊಂಡ ಇತ್ತಲ್ಲ?"

"ಮರ್ತಿದ್ದೆನ್ರಿ ಅಕ್ಕಾವ್ರ. ಈಗ ಪೂರಾ ಮಾಡ್ದೆ. ಇದು ಯಾರ ಕೈನೂ ಅಲ್ರಿ, ಸುಮ್ಮ ಒಂದು ಕೈ."

ಮೂವತ್ತು ವರ್ಷ ಗೋಡೆಯ ಮೇಲೆ ಸುಳ್ಳು ಬರೆಯದವನ ಸುಳ್ಳು ಹೇಗಿರುತ್ತದೆ? ಟಾಕಿಯ ಬಳಿ ಒಬ್ಬಳು ಸೆರಗಿನೊಳಗೆ ನಕ್ಕಳು. ಇನ್ನೊಬ್ಬಳು ಪಕ್ಕದವಳ ಮೊಣಕೈ ತಿವಿದಳು. ಲಾಲಪ್ಪನ ಕಿವಿ ಕೆಂಪಾದವು. ಬ್ರಷ್ಷಿನಿಂದ ಹಸಿರು ಬಣ್ಣ ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ಅಂಬುಬಾಯಿ ಅದನ್ನು ನೋಡಿದಳು. ಕೊಡ ಕೆಳಗಿಟ್ಟಳು. ಗೋಡೆಯ ಹತ್ತಿರ ಹೋಗಿ ಕುಪ್ಪಸದ ತೋಳನ್ನು ಮೊಣಕೈವರೆಗೆ ಮಡಚಿ, ಗೋಡೆಯ ಕೈಯ ಪಕ್ಕಕ್ಕೆ ತನ್ನ ಕೈ ಚಾಚಿದಳು.

"ನಾ ಹೇಳ್ತೀನಿ ಕೇಳ್ರಿ ಅಕ್ಕಾವ್ರ. ಇವರಿಗಿ ಸುಳ್ಳ ಬರ್ಯಾಕ ಬರಂಗಿಲ್ಲ. ಕೈ ನಂದ. ಇಗೋ ನನ್ನ ಚೇಳು, ಇನ್ನಾ ಮೊಂಡ ಅದ. ಇಗೋ ಮಚ್ಚಿ. ದೀಪಾವಳಿಯಿಂದ ಗುಳಿಗಿ ನುಂಗಾಕತ್ತೀನಿ, ಇನ್ನ ಎರಡು ಎಲಿ ಉಳದಾವ. ನಾಳಿಗಿ ಹುಮನಾಬಾದದ ಡಾಕ್ಟರ್ ಹಂತ್ಯಾಕ ಕಾಗದ ಬರಸ್ಕೊಂಡು ಬರ್ತೀ‌ನಿ. ಓದಾಕ ಬರಾವ್ರು ಓದ್ರಿ."

ನಳದಿಂದ ನೀರು ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ಯಾರೂ ಬಂದ್ ಮಾಡಲಿಲ್ಲ.

ಶಕುಂತಲಾಬಾಯಿ ಕಟ್ಟೆಯಿಂದ ಇಳಿದು ಎರಡು ಮಾರು ದೂರದವರೆಗೆ ಬಂದು ನಿಂತಳು. "ಮುಟ್ಟಿದ್ರ ಹತ್ತಂಗಿಲ್ಲೇನು?"

"ಮುಟ್ಟಿದ್ರ ಹತ್ತೂದಾಗಿದ್ರ ಮೊದಲ ಈ ಮನುಷ್ಯಾಗ ಹತ್ತಬೇಕಿತ್ತು. ಮೂವತ್ತೈದು ವರ್ಷ ಒಂದ ಗಂಗಾಳದಾಗ ಉಂಡಾರ. ನೋಡ್ರಿ, ಮೈಮ್ಯಾಲ ಬಣ್ಣ ಬಿಟ್ರ ಏನೂ ಇಲ್ಲ."

ಈ ಸಲ ನಗು ಸೆರಗಿನೊಳಗೆ ನಿಲ್ಲಲಿಲ್ಲ. ಶಕುಂತಲಾಬಾಯಿ ಮಾತ್ರ ನಗಲಿಲ್ಲ. ಮೊಂಡ ಚೇಳನ್ನೂ ಕೊಂಡಿಯ ಚೇಳನ್ನೂ ತಿರುಗಿ ತಿರುಗಿ ನೋಡಿ, "ಕಾಗದ ತಾ, ನೋಡೋಣು" ಎಂದು ಹೋದಳು.

ಕಾಗದ ಬಂತು. ರಾಜೀವ ಮಾಸ್ತರರು ಅದನ್ನು ಶಾಲೆಯ ಗೇಟಿನಲ್ಲಿ ಗಟ್ಟಿಯಾಗಿ ಓದಿದರು, ಎರಡು ಸಲ. ಅಂಬುಬಾಯಿ ಒಲೆ ಹಚ್ಚಿದ ಮೊದಲ ದಿನ ಹತ್ತೊಂಬತ್ತು ತಟ್ಟೆ. ಆಕೆ ಹಿಂದಿನಂತೆಯೇ ಯಾರನ್ನೂ ಕರೆಯಲಿಲ್ಲ. ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಮಾರ್ಚ್ ಮುಗಿಯುವಷ್ಟರಲ್ಲಿ ತೊಂಬತ್ತು ತಟ್ಟೆ. ಶಕುಂತಲಾಬಾಯಿಯ ಮೊಮ್ಮಗ ಡಬ್ಬಿಯೊಂದಿಗೇ ಪಂಕ್ತಿಗೆ ಬರುತ್ತಿದ್ದ. ಡಬ್ಬಿಯದನ್ನು ನಾಯಿಗೆ ಹಾಕಿ, ತಟ್ಟೆಯದನ್ನು ಉಂಡು, ಖಾಲಿ ಡಬ್ಬಿ ಮನೆಗೆ ಒಯ್ಯುತ್ತಿದ್ದ. ಅಜ್ಜಿಗೆ ಗೊತ್ತಿತ್ತೋ ಇಲ್ಲವೋ, ನಾಯಿ ಮಾತ್ರ ಮೈ ತುಂಬಿಕೊಂಡಿತು. ಉಳಿದ ಇಪ್ಪತ್ತು ಚಿಲ್ಲರೆ ಮನೆಯವರು ಈಗಲೂ ದೂರದಿಂದಲೇ ಆಕೆಯ ಬೆರಳು ನೋಡುತ್ತಾರೆ. ಆಕೆ ತೋಳು ಮಡಚಿಯೇ ಬಡಿಸುತ್ತಾಳೆ. ಗೋಡೆಯ ಚೇಳು ಸುಳ್ಳು, ಆಯಿಯ ಚೇಳು ಖರೆ ಎಂದು ಮಕ್ಕಳಲ್ಲಿ ಒಂದು ಮಾತಾಗಿದೆ.

ಏಪ್ರಿಲ್‌ನ ಮೊದಲ ಮಂಗಳವಾರ ಆರನೆಯ ಎಲೆಗೆ ಹುಮನಾಬಾದಿಗೆ ಇಬ್ಬರೂ ಹೋದರು. ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ. ತಾಹೇರಾ ಸಿಸ್ಟರ್ ಅಂಬುಬಾಯಿಯ ಕೈ ಹಿಡಿದು ಬೆರಳು ಬಿಡಿಸಿ ಮಡಚಿ ನೋಡಿದರು. ಎಲ್ಲ ಬೆರಳೂ ನೆಟ್ಟಗಿದ್ದವು. ಕಾರ್ಡಿನ ಮೇಲೆ ಕೊನೆಯ ತಾರೀಖು ಬರೆದು, ಮೂಲೆಯಲ್ಲಿ ಚಪ್ಪಲಿ ಬಿಟ್ಟು ಕುಳಿತ ಲಾಲಪ್ಪನ ಕಡೆ ತಿರುಗಿದರು.

"ಪೇಂಟರ್ ಇವರೇ ಏನ್ರಿ? ನಮ್ಮ ಈ ಕೋಣೆ ಗೋಡೆ ಖಾಲಿ ಅದ. ಕೈ ಹ್ಯಾಂಗ ತೊಳಿಬೇಕಂತ ಒಂದು ಚಿತ್ರ ಬೇಕಿತ್ತು."

ಲಾಲಪ್ಪ ಎದ್ದು ಮೇಜಿನ ಹತ್ತಿರ ಬಂದ. ಸಿಸ್ಟರ್ ಮೇಜಿನ ಮೇಲೆ ಊರಿದ್ದ ಕೈಯನ್ನು, ಅದರ ಮದರಂಗಿ ಮಾಸಿದ ಉಗುರುಗಳನ್ನು, ಹೆಬ್ಬೆರಳ ಬುಡದ ಹಳೆಯ ಸುಟ್ಟ ಗಾಯವನ್ನು ತಲೆ ಓರೆ ಮಾಡಿ ನೋಡತೊಡಗಿದ.

ಅಂಬುಬಾಯಿ ತೋಳು ಇಳಿಸಿಕೊಳ್ಳುತ್ತ ಎದ್ದಳು. "ಸಿಸ್ಟರ್, ಕೈ ಒಳಗ ತಗೋರಿ. ನೋಡಾಕತ್ತಾರ."